ದಾರಿಯ ಹಕ್ಕು

ಕಳೆದ ತಿಂಗಳು ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದೆ. ನಮ್ಮೂರಿನ ಹಿರಿಯ ನೇಕಾರರೊಬ್ಬರು ನನ್ನ ತೋಳು ಹಿಡಿದು ನಿಲ್ಲಿಸಿದರು. ಕುಣಿಮಗ್ಗದಲ್ಲಿ ಐವತ್ತು ವರ್ಷ ಕುಳಿತು ಅವರ ಬೆನ್ನು ಬಾಗಿದೆ. ಮಗ್ಗದ ಸದ್ದಿನಲ್ಲಿ ಕಿವಿಯೂ ಮಂದವಾಗಿದೆ. "ಹಜರತ್, ನಮ್ಮ ಓಣಿ ಹುಡುಗಿ ಬೆಂಗಳೂರಾಗ ಸರಿಗಿ ಮ್ಯಾಲ ಡಾಕ್ಟರಕಿ ಮಾಡಾಕತ್ತಾಳಂತ. ಸರಿಗಿ ತಿಳಕೊಳ್ಳಾಕ ಬೆಂಗಳೂರಿಗೆ ಯಾಕ ಹೋಗಬೇಕಿತ್ರಿ? ನನ್ನ ಕೇಳಿದ್ರ ಹೇಳ್ತಿದ್ನಲ್ಲ" ಎಂದರು. ಸರಿಗೆಯಲ್ಲ ಚಾಚಾ, ಸಾರಿಗೆ; ಬಸ್ಸು, ರೈಲು, ಸೈಕಲ್ಲು, ನಡಿಗೆ, ಇವುಗಳ ಮೇಲೆ ಸಂಶೋಧನೆ ಎಂದು ಅವರ ಕಿವಿಯ ಬಳಿ ಜೋರಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದ್ರಾಗ ಓದೂದೇನೈತಿ? ಬಸ್ ಬಂದ್ರ ಹತ್ತೂದು, ಬರದಿದ್ರ ನಿಂದರೂದು" ಎಂದು ಕೋಲೂರಿಕೊಂಡು ಮನೆಯ ಕಡೆ ನಡೆದರು.

ತಮಗೆ ಅರಿವಿಲ್ಲದೆಯೇ ಚಾಚಾ ಆ ಹುಡುಗಿಯ ಪಿಎಚ್‌.ಡಿ. ವಿಷಯವನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟಿದ್ದರು. ಬಸ್ಸು ಬಾರದಿದ್ದಾಗ ನಿಲ್ಲುವವರು ಯಾರು, ಎಷ್ಟು ಹೊತ್ತು ನಿಲ್ಲುತ್ತಾರೆ, ನಿಂತು ನಿಂತು ಸಾಕಾಗಿ ಕೊನೆಗೆ ಏನನ್ನು ಬಿಟ್ಟುಕೊಡುತ್ತಾರೆ ಎಂಬುದನ್ನೇ ಆಕೆ ಅಧ್ಯಯನ ಮಾಡುತ್ತಿರುವುದು. ಆಕೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬೇಡವೆಂದು ಆಕೆಯೇ ಕೇಳಿಕೊಂಡಿದ್ದಾಳೆ. ನನ್ನ ಬಳಿ ಕಾಯಿದೆ ಕಲಿತು, ಕುರ್‌ಆನ್ ಖತ್ಮ್ ಮಾಡಿದ ಹುಡುಗಿ ಎಂದಷ್ಟೇ ಹೇಳಿದರೆ ಸಾಕು.

'ಸುಸ್ಥಿರ ಸಾರಿಗೆ' ಎಂಬ ಜೋಡಿಪದ, ಬಿ.ಎ.ಯಲ್ಲಿ ಕನ್ನಡವನ್ನೇ ಓದಿದ ನನಗೂ ಹೊಸದಾಗಿತ್ತು. ಬ್ಯಾಟರಿ ಗಾಡಿಗಳ ವಿಷಯವಿರಬೇಕೆಂದು ತಿಳಿದಿದ್ದೆ. ಅದೂ ಇದೆಯಂತೆ; ಆದರೆ ಅದೊಂದು ಸಣ್ಣ ಭಾಗ. ಗಾಳಿಯನ್ನು ಕೆಡಿಸದೆ, ಹೊಲಗದ್ದೆಗಳನ್ನು ರಸ್ತೆಗೆ ನುಂಗಿಸದೆ, ಬಡವರನ್ನೂ ವೃದ್ಧರನ್ನೂ ಹೆಣ್ಣುಮಕ್ಕಳನ್ನೂ ಹಿಂದೆ ಬಿಡದೆ ಜನರನ್ನು ಊರಿಂದೂರಿಗೆ ತಲುಪಿಸುವುದು ಹೇಗೆ ಎಂಬುದು ಅದರ ಮೂಲ ಪ್ರಶ್ನೆ. ಕೇಂದ್ರ ಸರ್ಕಾರ 2006ರಲ್ಲಿ ಹೊರಡಿಸಿದ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿ, ವಾಹನಗಳ ಓಡಾಟಕ್ಕಿಂತ ಜನರ ಓಡಾಟಕ್ಕೆ ಆದ್ಯತೆ ಕೊಡಬೇಕೆಂದು ಹೇಳಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಸ್ಥಿರ ಸಾರಿಗೆ ಮತ್ತು ನಗರ ಯೋಜನೆಗೆಂದೇ 2009ರಲ್ಲಿ ಒಂದು ಕೇಂದ್ರ ಆರಂಭವಾಗಿದೆ. ನಾವು ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಗೊಣಗುವ ವಿಷಯಕ್ಕೆ ಇಷ್ಟು ದೊಡ್ಡ ವಿದ್ಯೆ ಇದೆಯೆಂದು ಯಾರಿಗೆ ಗೊತ್ತಿತ್ತು!

ಆಕೆಗೆ ಈ ಆಸಕ್ತಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ಮೊದಲು ಬಾದಾಮಿಯ ಕಥೆ ಹೇಳುತ್ತೇನೆ. ಆಕೆಯ ತಾಯಿಯ ತವರು ಬಾದಾಮಿ. ನಾನಾ ಅಲ್ಲಿ ಟಾಂಗಾ ಹೊಡೆಯುತ್ತಿದ್ದರು. ಬಾದಾಮಿ ಕಂಡವರಿಗೆ ಗೊತ್ತು, ರೈಲು ನಿಲ್ದಾಣ ಊರೊಳಗಿಲ್ಲ. ಸುಮಾರು ಐದು ಕಿಲೋಮೀಟರ್ ಆಚೆಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗದಗ–ಹೊಟಗಿ ಮೀಟರ್ ಗೇಜ್ ಹಳಿ ಹಾಕಿದವರು ತಮ್ಮ ಹಳಿಗೆ ಅನುಕೂಲವಾದ ಕಡೆ ನಿಲ್ದಾಣ ಕಟ್ಟಿದರು. ಅಲ್ಲಿಂದ ಊರಿಗೆ, ಗುಹೆಗಳಿಗೆ, ಅಗಸ್ತ್ಯ ತೀರ್ಥದ ದಂಡೆಗೆ ಜನರನ್ನು ತಲುಪಿಸುವ ಕೆಲಸ ಟಾಂಗಾದವರ ಪಾಲಿಗೆ ಬಂತು. ಎಷ್ಟೋ ಮನೆಗಳ ಒಲೆ ಆ ಐದು ಕಿಲೋಮೀಟರಿನ ಮೇಲೆ ಉರಿಯುತ್ತಿತ್ತು.

ನಾನಾ ಅವರನ್ನು ನಾನು ಎರಡು ಮೂರು ಬಾರಿ ಕಂಡಿದ್ದೇನೆ. ಮಾತು ಕಡಿಮೆ. ಕುದುರೆಗೆ ನೆನೆಹಾಕಿದ ಹುರುಳಿ ತಿನ್ನಿಸಿದ ಮೇಲೆಯೇ ತಾವು ರೊಟ್ಟಿಗೆ ಕೈ ಹಾಕುತ್ತಿದ್ದರು. ಗಾಡಿ ತಡವಾದ ದಿನ ಮನುಷ್ಯರು ಬೇಸರಪಡುತ್ತಾರೆ, ನನ್ನ ಕುದುರೆ ಕಿವಿ ನಿಮಿರಿಸಿ ಹಳಿಯ ಕಡೆಗೇ ನೋಡುತ್ತಿರುತ್ತದೆ ಎನ್ನುತ್ತಿದ್ದರು. ಅನ್ನಹ್ಲ್ ಅಧ್ಯಾಯದಲ್ಲಿ ಅಲ್ಲಾಹನು ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಮನುಷ್ಯರ ಸವಾರಿಗೂ ಶೋಭೆಗೂ ಸೃಷ್ಟಿಸಿದ್ದನ್ನು ಹೇಳಿ, ಅವರು ಅರಿಯದ ಇನ್ನೂ ಬೇರೆಯವನ್ನು ಸೃಷ್ಟಿಸುವುದಾಗಿ ತಿಳಿಸುತ್ತಾನೆ. ಆ ವಚನದ ಅರ್ಥವನ್ನು ನನ್ನ ಬಾಯಿಂದ ಕೇಳಿದಾಗ ನಾನಾ ನಕ್ಕು, "ಆ ಅರಿಯದ್ದು ಯಾವುದಂತ ನಮಗ ಈಗ ಗೊತ್ತಾಗೈತ್ರಿ, ಟಂಟಂ ಗಾಡಿ!" ಎಂದಿದ್ದರು. ಆಟೋಗಳೂ ಟಂಟಂಗಳೂ ಹೆಚ್ಚಿದಂತೆ ಟಾಂಗಾ ಹತ್ತುವವರು ಕಡಿಮೆಯಾದರು. ಕೊನೆಗೆ ಅವರು ಕುದುರೆಯನ್ನು ಮಾರಿದರು. ಮಾರಿದ ದಿನ ಮೊಮ್ಮಗಳು ರಜೆಗೆಂದು ಅಲ್ಲಿಯೇ ಇದ್ದಳು. ನಿಲ್ದಾಣವನ್ನು ಅಷ್ಟು ದೂರ ಇಡಿ ಎಂದು ಹೇಳಿದವರು ಯಾರು ಎಂದು ಅಂದು ಆಕೆ ನಾನಾನನ್ನು ಕೇಳಿದಳಂತೆ. ಅವರಲ್ಲಿ ಉತ್ತರವಿರಲಿಲ್ಲ.

ಎರಡನೆಯ ಪಾಠ ಬಾಗಲಕೋಟೆಯದು. ಎಂಜಿನಿಯರಿಂಗ್ ಓದುವಾಗ ಆಕೆ ನವನಗರದಲ್ಲಿ ಫುಪ್ಪಿಯ ಮನೆಯಲ್ಲಿದ್ದಳು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗುತ್ತವೆಂದು ಸಾವಿರಾರು ಕುಟುಂಬಗಳನ್ನು ಎಬ್ಬಿಸಿದಾಗ ಎದ್ದು ಬಂದವರಲ್ಲಿ ಫುಪ್ಪಿಯೂ ಒಬ್ಬರು. ನವನಗರವು ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು 1980ರ ದಶಕದಲ್ಲಿ ರೂಪಿಸಿದ ಯೋಜನೆ. ಸೆಕ್ಟರ್‌ಗಳು, ಅಗಲ ರಸ್ತೆಗಳು, ಗಾಳಿ ಬೆಳಕು, ಎಲ್ಲವೂ ಇವೆ. ಆದರೆ ಮನೆಯನ್ನು ಸ್ಥಳಾಂತರಿಸಿದಷ್ಟು ಸುಲಭವಾಗಿ ಬದುಕನ್ನು ಸ್ಥಳಾಂತರಿಸಲು ಬರುವುದಿಲ್ಲ. ಫುಪ್ಪಿ ಬಳೆ ವ್ಯಾಪಾರದವರು. ಅವರ ಗಿರಾಕಿಗಳು, ಸಾಲ ಕೊಡುವ ಸಾಹುಕಾರರು, ಮಂಡಿನೋವಿನ ಔಷಧ ಕೊಡುವ ಡಾಕ್ಟರು, ತಾಯಿಯ ಖಬರ್ ಎಲ್ಲವೂ ಹಳೆಯ ಊರಿನ ಕಡೆಗೇ ಉಳಿದವು. ಮೊದಲು ಹತ್ತು ನಿಮಿಷ ನಡೆದು ಮುಗಿಸುತ್ತಿದ್ದ ಕೆಲಸಕ್ಕೆ ಈಗ ವಿದ್ಯಾಗಿರಿ ದಾಟಿ ಹೋಗಿ ಬರುವ ಆಟೋ ಬಾಡಿಗೆ. ದಿನದ ಗಳಿಕೆಯಲ್ಲಿ ಬಾಡಿಗೆಗೆ ಹೋದದ್ದೆಷ್ಟು ಎಂದು ಮೂರು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಡುವಂತೆ ಸೊಸೆಗೆ ಹೇಳಿದವರು ಫುಪ್ಪಿಯೇ. (ಅಣ್ಣನ ಮಗಳು ನಮ್ಮ ಕಡೆ ಸೊಸೆಯೇ ತಾನೆ!) ಆ ನೋಟ್‌ಬುಕ್ ಆಕೆಯ ಬಳಿ ಇಂದಿಗೂ ಇದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ನನಗೆ ಆ ನೋಟ್‌ಬುಕ್ ನೆನಪಾಗುತ್ತದೆ. ಮುಳುಗುವ ಎಕರೆಗಳ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಹೆಚ್ಚುವ ಕಿಲೋಮೀಟರುಗಳ ಲೆಕ್ಕ ಬಳೆಗಾರ್ತಿಯ ನೋಟ್‌ಬುಕ್ಕಿನಲ್ಲಿ ಮಾತ್ರ.

ಮೂರನೆಯದು ನಮ್ಮ ಮನೆಬಾಗಿಲಿನ ಕಥೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ.

ನಮ್ಮೂರು ಹುನಗುಂದ ಮತ್ತು ಇಳಕಲ್ ನಡುವಿನ ಹೆದ್ದಾರಿಯಿಂದ ಆರು ಕಿಲೋಮೀಟರ್ ಒಳಗಿದೆ. ಹಿಂದೆ ಸೊಲ್ಲಾಪುರ–ಮಂಗಳೂರು ರಸ್ತೆ, 13ನೆಯ ನಂಬರು ಎನ್ನುತ್ತಿದ್ದ ಹೆದ್ದಾರಿಗೆ ಈಗ 50ನೆಯ ನಂಬರು. ಹೆದ್ದಾರಿಯ ಕ್ರಾಸಿನಲ್ಲಿ ಇಳಿದರೆ ಊರಿಗೆ ಇನ್ನೊಂದು ಬಸ್ಸು ಹಿಡಿಯಬೇಕು, ಇಲ್ಲವೇ ನಡೆಯಬೇಕು. 2006ರಲ್ಲಿ ಈ ಹುಡುಗಿಯ ಆಪಾ ಎಸ್ಸೆಸ್ಸೆಲ್ಸಿಯಲ್ಲಿ ಊರಿಗೇ ಮೊದಲಿಗಳಾಗಿ, ಇಳಕಲ್‌ನ ಕಾಲೇಜೊಂದರಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದಳು. ಪ್ರಾಯೋಗಿಕ ತರಗತಿ ಮುಗಿಯುವಾಗ ಐದೂವರೆ. ಊರಿನ ತನಕ ಬರುವ ಬಸ್ಸು ಹೊರಡುವುದು ಐದೂಕಾಲಿಗೆ. ಅದರ ಮುಂದಿನದು ರಾತ್ರಿಯದೇ. ವಾರಕ್ಕೆ ಎರಡು ದಿನ ಆಕೆ ಕ್ರಾಸಿನಲ್ಲಿ ಇಳಿದು, ಗ್ರಾನೈಟ್ ಲಾರಿಗಳ ಧೂಳಿನಲ್ಲಿ ನಿಂತು, ಅಬ್ಬಾ ಸೈಕಲ್ ತರುವುದನ್ನು ಕಾಯುತ್ತಿದ್ದಳು. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ಬಿಟ್ಟು ಅಬ್ಬಾ ಹೊರಡುತ್ತಿದ್ದರು. ಜನ ಮಾತಾಡತೊಡಗಿದರು. ಜನ ಮಾತಾಡುವುದಕ್ಕೆ ಬಸ್ಸು ಬೇಕಿಲ್ಲ.

ಒಂದು ಸಂಜೆ ಅಬ್ಬಾ ನನ್ನ ಬಳಿ ಬಂದರು. ಆಗ ನನಗೆ ಇಪ್ಪತ್ತೇಳು. ಮದ್ರಸದಿಂದ ಸನದು ಪಡೆದು ಬಂದು ಎರಡು ವರ್ಷವಾಗಿತ್ತು. ಕೇಳಿದ ಪ್ರಶ್ನೆಗೆಲ್ಲ ನನ್ನಲ್ಲಿ ಉತ್ತರವಿದೆಯೆಂಬ ಧೈರ್ಯವಿತ್ತು. "ಏನ್ ಮಾಡ್ಲಿ ಹಜರತ್?" ಎಂದು ಕೇಳಿದರು. "ಹೆಣ್ಣುಮಗಳು ಕತ್ತಲಲ್ಲಿ ರಸ್ತೆಯಲ್ಲಿ ನಿಲ್ಲುವುದು ಸರಿಯಲ್ಲ, ಬಿಡಿಸಿಬಿಡಿ" ಎಂದೆ. ಉತ್ತರ ಕೊಡಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಬಸ್ಸಿನ ಸಮಯವನ್ನು ಹದಿನೈದು ನಿಮಿಷ ಮುಂದೆ ಹಾಕಿಸಲು ಸಾಧ್ಯವೇ ಎಂದು ಒಂದು ಅರ್ಜಿ ಬರೆಯುವ ಯೋಚನೆ ನನಗೆ ಹೊಳೆಯಲೇ ಇಲ್ಲ. ಕನ್ನಡದಲ್ಲಿ ಚೆನ್ನಾಗಿ ಅರ್ಜಿ ಬರೆಯಬಲ್ಲವನು ಓಣಿಯಲ್ಲಿ ನಾನೊಬ್ಬನೇ ಆಗಿದ್ದೆ. ಎರಡು ವರ್ಷದಲ್ಲಿ ಆಪಾಳ ಮದುವೆ ಊರಿನೊಳಗೇ ಆಯಿತು. ಆಕೆ ಸುಖವಾಗಿದ್ದಾಳೆ, ಅಲ್‌ಹಮ್ದುಲಿಲ್ಲಾಹ್. ಆದರೆ ಅವಳ ರಸಾಯನಶಾಸ್ತ್ರದ ಪುಸ್ತಕಕ್ಕೆ ಹೊದಿಸಿದ ಕಾಗದ ಇನ್ನೂ ಹೊಸದಾಗಿತ್ತೆಂದು ಆಕೆಯ ಅಮ್ಮಿ ನನ್ನ ಮನೆಯವಳ ಬಳಿ ಹೇಳಿದ್ದರು.

ಆಗ ಬಾಗಿಲ ಪರದೆಯ ಹಿಂದೆ ನಿಂತು ನನ್ನ ಮಾತು ಕೇಳಿಸಿಕೊಂಡವಳು ಎಂಟು ವರ್ಷದ ತಂಗಿ. ಮರುದಿನ ಬೆಳಿಗ್ಗೆ ಎಂದಿನಂತೆ ಮಕ್ತಬಿಗೆ ಬಂದು ಸಬಕ್ ಒಪ್ಪಿಸಿದಳು.

ಆಕೆ ಎಂಟನೆಯ ತರಗತಿಗೆ ಬಂದಾಗ ಸರ್ಕಾರದ ಸೈಕಲ್ ಸಿಕ್ಕಿತು. 2006-07ರಲ್ಲಿ ಶುರುವಾದ ಆ ಯೋಜನೆಯಿಂದ ನಮ್ಮ ಕಡೆಯ ಹಳ್ಳಿಗಳಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿಯರ ಸಾಲೇ ಕಾಣತೊಡಗಿತ್ತು. ಬುರ್ಖಾ ಹಾಕಿ ಸೈಕಲ್ ತುಳಿಯುವುದನ್ನು ಕಂಡು ಕೆಲವರು ನನ್ನ ಕಡೆ ನೋಡಿದರು. ಈ ಬಾರಿ ನಾನು ಬಾಯಿ ತೆರೆಯಲಿಲ್ಲ. ಅದು ವಿವೇಕವಾಗಿತ್ತೋ, ಹಳೆಯ ತಪ್ಪಿನ ಭಾರವಾಗಿತ್ತೋ, ನನಗೇ ತಿಳಿಯದು.

ಮುಂದಿನದನ್ನು ಬೇಗ ಹೇಳುತ್ತೇನೆ. ಬಾಗಲಕೋಟೆಯಲ್ಲಿ ಸಿವಿಲ್ ಎಂಜಿನಿಯರಿಂಗ್, ಆಮೇಲೆ ಎಂ.ಟೆಕ್., ಗೇಟ್ ಪರೀಕ್ಷೆ, ಸಂಶೋಧನೆಗೆ ಪ್ರವೇಶ. ಅಲ್ಪಸಂಖ್ಯಾತ ಸಂಶೋಧನಾರ್ಥಿಗಳಿಗೆ 2009ರಿಂದ ಸಿಗುತ್ತಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಮೇಲೆ ಮನೆಯವರು ಆಸೆ ಇಟ್ಟಿದ್ದರು. ಆಕೆಯ ಸರದಿ ಬರುವ ಹೊತ್ತಿಗೆ, 2022-23ರಿಂದ, ಅದು ನಿಂತಿತು. ಸಂಸ್ಥೆಯ ವಿದ್ಯಾರ್ಥಿವೇತನದಲ್ಲಿ ಆಕೆ ಓದುತ್ತಿದ್ದಾಳೆ. ಎಂ.ಟೆಕ್. ಸಮಯದಲ್ಲಿ ಹುಬ್ಬಳ್ಳಿ–ಧಾರವಾಡದ 'ಚಿಗರಿ' ಬಸ್ಸುಗಳನ್ನು ನೋಡಲು ತಿಂಗಳುಗಟ್ಟಲೆ ಓಡಾಡಿದಳು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದ ಆ ಬಸ್ಸುಗಳಿಗೆ ಎರಡು ಊರುಗಳ ನಡುವೆ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ದಾರಿ; ನಿಲ್ದಾಣಗಳು ರಸ್ತೆಯ ನಡುವೆ, ಆದ್ದರಿಂದ ಬಾಗಿಲು ಬಲಗಡೆ. ನೆಲ ಮತ್ತು ಬಸ್ಸಿನ ಹಾಸು ಒಂದೇ ಮಟ್ಟದಲ್ಲಿರುವುದರಿಂದ ಮಂಡಿನೋವಿನವರೂ ಮೆಟ್ಟಿಲಿಲ್ಲದೆ ಹತ್ತಬಹುದು. ಫುಪ್ಪಿಯನ್ನು ಒಮ್ಮೆ ಕರೆದುಕೊಂಡು ಹೋಗಿ ಕೂರಿಸಿದ್ದಳಂತೆ. ಆದರೆ ಆ ರಸ್ತೆಯ ಅಗಲೀಕರಣಕ್ಕೆ ಹೋದ ಮರಗಳ ಬಗ್ಗೆಯೂ, ರಸ್ತೆಯ ನಡುವಿನ ನಿಲ್ದಾಣ ತಲುಪಲು ವಾಹನಗಳ ಸಾಲನ್ನು ದಾಟಬೇಕಾದ ಮುದುಕಿಯರ ಬಗ್ಗೆಯೂ ಆಕೆ ಅಷ್ಟೇ ಬರೆದಿದ್ದಾಳೆ. ಯಾವುದನ್ನೂ ಪೂರ್ತಿ ಹೊಗಳುವ ಸ್ವಭಾವ ಅವಳದಲ್ಲ.

ಕಳೆದ ಡಿಸೆಂಬರಿನಲ್ಲಿ ಆಕೆ ಸಮೀಕ್ಷೆಗೆಂದು ಊರಿಗೆ ಬಂದಳು. ಮನೆಮನೆಗೆ ಹೋಗಿ, ಯಾರು ಎಲ್ಲಿಗೆ, ಯಾವಾಗ, ಹೇಗೆ ಹೋಗುತ್ತಾರೆಂದು ಕೇಳಿ ಬರೆದುಕೊಳ್ಳುವುದು. ಒಂದು ವಾರವಾದ ಮೇಲೆ ನನ್ನ ಮನೆಗೂ ಬಂದಳು. ಚಹಾ ಬರುವ ತನಕ ಅದು ಇದು ಮಾತಾಯಿತು. 2011ರ ಜನಗಣತಿಯಲ್ಲಿ ಜನ ಕೆಲಸಕ್ಕೆ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತಾರೆಂದು ಕೇಳಿದ್ದಾರೆ. ಆದರೆ ಆ ಪಟ್ಟಿಯಲ್ಲಿ ರೈತರಿಲ್ಲ, ಕೂಲಿಯವರಿಲ್ಲ, ಮನೆಯಲ್ಲೇ ಕೈಗಾರಿಕೆ ನಡೆಸುವವರಿಲ್ಲ, ಕಾಲೇಜಿನ ಮಕ್ಕಳಿಲ್ಲ ಎಂದು ವಿವರಿಸಿದಳು. ಹಾಗಾದರೆ ನೂಲು ತರಲು ಇಳಕಲ್‌ಗೆ ಹೋಗುವ ನಿನ್ನ ಅಬ್ಬಾ? ಇಲ್ಲ. ಬಳೆಯ ಗಂಟು ಹೊತ್ತ ಫುಪ್ಪಿ? "ಅವ್ರ ಹೆಂಗ ಓಡಾಡ್ತಾರ ಅಂತ ಎಣಿಸಿದವ್ರ ಕಡಿಮಿ ಹಜರತ್. ಎಲ್ಲಾರೂ ಗಾಡಿ ಎಣಸ್ತಾರ. ನಾ ಗಾಡಿ ಸಿಗದ ನಿಂತವ್ರನ್ನ ಎಣಸಾಕತ್ತೀನಿ" ಎಂದಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾದ ಮೇಲೆ ಅಮ್ಮಿ ತಿಂಗಳಿಗೊಮ್ಮೆ ಬಾದಾಮಿಯ ತವರಿಗೆ ಹೋಗುತ್ತಿದ್ದಾರೆ. ಆದರೆ ಟಿಕೆಟ್ ಉಚಿತವಾದರೆ ಸಾಲದು, ಹತ್ತಲು ಬಸ್ಸೂ ಇರಬೇಕಲ್ಲ ಎಂದು ನಕ್ಕಳು.

ಹಳ್ಳಿಯ ಬಸ್ಸು ಮತ್ತು ಹೆದ್ದಾರಿಯ ಬಸ್ಸು ಕ್ರಾಸಿನಲ್ಲಿ ಒಂದನ್ನೊಂದು ಸೇರಬೇಕು ಎಂಬುದನ್ನು ಆಕೆ ಅಬ್ಬಾನ ಮಗ್ಗದ ಮಾತಿನಲ್ಲೇ ಹೇಳಿದಳು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಕೊಂಡಿ ತಪ್ಪಿದರೆ ಎಷ್ಟು ಒಳ್ಳೆಯ ಸೆರಗಿದ್ದರೂ ಅದು ಸೀರೆಯಾಗದು. ನಿಲ್ದಾಣಗಳ ನಡುವೆ ಎಷ್ಟು ಅಂತರವಿರಬೇಕೆಂಬುದೂ ದೊಡ್ಡ ಲೆಕ್ಕವೇ ಎಂದಾಗ ನನಗೆ ಝುಬೈದಾರ ದಾರಿ ನೆನಪಾಯಿತು. ಅಬ್ಬಾಸೀ ಖಲೀಫ ಹಾರೂನ್ ಅಲ್ ರಶೀದರ ಪತ್ನಿ ಝುಬೈದಾ, ಕೂಫಾದಿಂದ ಮಕ್ಕಾಕ್ಕೆ ಹೋಗುವ ಮರುಭೂಮಿಯ ಹಜ್ ದಾರಿಯುದ್ದಕ್ಕೂ ಬಾವಿ, ಕೆರೆ, ತಂಗುದಾಣಗಳನ್ನು ಕಟ್ಟಿಸಿದರು. ಆ ದಾರಿಗೆ ದರ್ಬ್ ಝುಬೈದಾ ಎಂದೇ ಹೆಸರು. ಒಂದೊಂದು ತಂಗುದಾಣ ಸುಮಾರು ಒಂದು ದಿನದ ಪ್ರಯಾಣದಷ್ಟು ದೂರದಲ್ಲಿತ್ತು. "ಯಾರ ಒಂದು ದಿನ ಹಜರತ್? ಒಂಟಿ ಮ್ಯಾಲ ಹೋಗವ್ರದೋ, ನಡಕೊಂಡು ಹೋಗವ್ರದೋ?" ಎಂದು ಆಕೆ ಥಟ್ಟನೆ ಕೇಳಿದಳು. ಮದ್ರಸದಲ್ಲಿ ಎಂಟು ವರ್ಷ ಇತಿಹಾಸ ಓದಿದ ನನಗೆ ಆ ಪ್ರಶ್ನೆ ಎಂದೂ ಬಂದಿರಲಿಲ್ಲ.

ಆಮೇಲೆ ಪ್ರಶ್ನಾವಳಿ ತೆರೆದಳು. ಮನೆಯಲ್ಲಿ ಎಷ್ಟು ಜನ, ವಾಹನವಿದೆಯೇ, ಆಸ್ಪತ್ರೆಗೆ ಹೇಗೆ ಹೋಗುತ್ತೀರಿ. ಒಂದೊಂದಾಗಿ ಹೇಳುತ್ತ ಹೋದೆ. ಹದಿನಾಲ್ಕನೆಯದನ್ನು ಆಕೆ ಉಳಿದವುಗಳ ದನಿಯಲ್ಲೇ ಓದಿದಳು: ಸಾರಿಗೆಯ ತೊಂದರೆಯಿಂದ ಯಾರಾದರೂ ಓದು ಅಥವಾ ಕೆಲಸ ಬಿಟ್ಟದ್ದು ನಿಮಗೆ ಗೊತ್ತೇ? ಬಿಡುವ ನಿರ್ಧಾರ ಯಾರದಾಗಿತ್ತು?

ಕೋಣೆಯಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು. ಆಕೆ ತಲೆ ಎತ್ತಲಿಲ್ಲ. "ಉತ್ತರ ಹೇಳಾಕ ಮನಸ್ಸಿಲ್ಲಂದ್ರ ಹಂಗೂ ಬರಕೋಬಹುದು, ಅದಕ್ಕೂ ಒಂದು ಕಾಲಂ ಐತ್ರಿ" ಎಂದಳು.

"ಬರಕೋ ಬೇಟಿ. ಒಬ್ಬಾಕಿ. ಪಿಯುಸಿ ವಿಜ್ಞಾನ. ನಿರ್ಧಾರ ಕೊಟ್ಟವನು ಮಕ್ತಬಿನ ಮೌಲ್ವಿ" ಎಂದೆ.

ಆಕೆ ಬರೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ನೀವ ಕಲಿಸಿದ್ರಿ" ಎಂದಳು. ನಾನು ಮಕ್ಕಳಿಗೆಲ್ಲ ಕಲಿಸುವ ಹದೀಸ್ ಅದು. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಪ್ರವಾದಿ(ಸ) ತಿಳಿಸಿದ್ದಾರೆ. ದಾರಿಯಲ್ಲಿ ಕೂರುವವರು ದಾರಿಗೆ ಅದರ ಹಕ್ಕನ್ನು ಕೊಡಬೇಕೆಂದೂ, ಯಾರಿಗೂ ತೊಂದರೆ ಕೊಡದಿರುವುದು ಆ ಹಕ್ಕುಗಳಲ್ಲಿ ಒಂದೆಂದೂ ಅವರು ಕಲಿಸಿದ್ದಾರೆ. ಪಾಠವಾದ ದಿನ ಮಕ್ಕಳು ಓಣಿಯ ಜಾಲಿಮುಳ್ಳನ್ನೆಲ್ಲ ಆರಿಸಿ ಬದಿಗೆ ಹಾಕಿ, ಕೈ ತೋರಿಸಲು ಓಡಿ ಬರುತ್ತಿದ್ದರು. "ಮುಳ್ಳು ಅಂದ್ರ ಬರೇ ಮುಳ್ಳ ಅಂತ ತಿಳಿದಿದ್ದೆ ಆವಾಗ" ಎಂದಳು. ನಾನೂ ಹಾಗೆಯೇ ತಿಳಿದಿದ್ದೆ.

ಈ ವರ್ಷ ಆಪಾಳ ಮಗಳು ಇಳಕಲ್‌ನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾಳೆ. ಸೇರಿಸುವ ಮೊದಲು ಆಪಾ ನನಗೆ ಫೋನ್ ಮಾಡಿದ್ದಳು. ನನ್ನ ಅಭಿಪ್ರಾಯ ಕೇಳಲಿಲ್ಲ. ಸಂಜೆಯ ಬಸ್ಸಿನ ಸಮಯ ಗೊತ್ತೇ ಎಂದು ಕೇಳಿದಳು. ಗೊತ್ತಿರಲಿಲ್ಲ. ಮರುದಿನ ಇಳಕಲ್ ಬಸ್‌ಸ್ಟ್ಯಾಂಡಿಗೆ ಹೋಗಿ ಕಂಟ್ರೋಲರ ಬಳಿ ಕೇಳಿ, ನಮ್ಮೂರಿಗೂ ನಮ್ಮ ಕ್ರಾಸಿಗೂ ಬರುವ ಎಲ್ಲ ಬಸ್ಸುಗಳ ಸಮಯ ಬರೆದುಕೊಂಡು ಬಂದೆ. ಸಂಜೆಯ ಬಸ್ಸನ್ನು ಐದೂಮುಕ್ಕಾಲಿಗೆ ಬಿಡಬೇಕೆಂದು ಅರ್ಜಿಯನ್ನೂ ಕೊಟ್ಟಿದ್ದೇನೆ. ಅದರ ಕೆಳಗೆ ಎಂಬತ್ತೊಂದು ಜನರ ಸಹಿ ಇದೆ. ಸರಿಗೆಯ ಚಾಚಾ ಹೆಬ್ಬೆಟ್ಟು ಒತ್ತಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಮಸೀದಿಯ ಹಲಗೆಯ ಮೇಲೆ ನಮಾಝಿನ ಸಮಯಗಳ ಪಕ್ಕದಲ್ಲಿ ಬಸ್ಸಿನ ಸಮಯಗಳ ಹಾಳೆ ಅಂಟಿಸಿದೆ. ಇದು ಮಸೀದಿಯಲ್ಲಿ ಯಾಕೆ ಎಂದು ಒಬ್ಬಿಬ್ಬರು ಕೇಳಿದರು. ಈಗ ಅವರೇ ಬೆಳಿಗ್ಗೆ ಬಂದು ಮೊದಲು ಅದನ್ನು ನೋಡುತ್ತಾರೆ.

ಮೊನ್ನೆ ಪ್ರಾಯೋಗಿಕ ತರಗತಿಯಿದ್ದ ದಿನ ಮಗ್‌ರಿಬ್ ಮುಗಿಸಿ ಹುಡುಗಿಯ ತಂದೆಯೂ ನಾನೂ ಎರಡು ಬೈಕುಗಳಲ್ಲಿ ಕ್ರಾಸಿಗೆ ಹೋಗಿ ನಿಂತೆವು. ಲಾರಿಗಳ ಬೆಳಕು, ಧೂಳು. ಬಸ್ಸು ಇಪ್ಪತ್ತೆರಡು ನಿಮಿಷ ತಡವಾಗಿ ಬಂತು. ಆಪಾಳ ಮಗಳು ಇಳಿದಳು. ಅವಳ ಹಿಂದೆ ಇನ್ನಿಬ್ಬರು ಹುಡುಗಿಯರು ಇಳಿದರು. ಒಬ್ಬಳು ಪಕ್ಕದ ತಾಂಡಾದವಳು, ಇನ್ನೊಬ್ಬಳು ಮೇಲಿನ ಓಣಿಯ ಲಿಂಗಾಯತರ ಮನೆಯವಳು. ಅವರೂ ದಿನವೂ ಹೀಗೆ ಬರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಅವರ ಮನೆಯವರು ಬರುವ ತನಕ ನಿಂತಿದ್ದು, ಬಸ್ಸು ಬಂದ ಸಮಯವನ್ನೂ ಇಳಿದವರ ಸಂಖ್ಯೆಯನ್ನೂ ಫೋನಿನಲ್ಲಿ ಬರೆದು ಬೆಂಗಳೂರಿಗೆ ಕಳುಹಿಸಿದೆ.